ತೋಳಿಗೆ ಹಚ್ಚಿದ ಎಣ್ಣೆ

ಶರ್ಮಿಳಾ ಕನ್ನಡಿಯ ಮುಂದೆ ನಿಂತು ಬಿಕ್ಕುತ್ತಿದ್ದಳು. ಅಡುಗೆಮನೆಯಲ್ಲಿ ತಾಯಿ ಸುಗುಣಾ ಅವಳಿಗೆಂದೇ ತೆಂಗಿನೆಣ್ಣೆ ಬಿಸಿ ಮಾಡುತ್ತಿದ್ದಳು. ಮೂರು ತಿಂಗಳಿಂದ ಮಗಳಿಗೆ ಕಾರಣವಿಲ್ಲದ ಅಳು, ಮೈಯೆಲ್ಲ ಬಿಸಿ, ಬೆವರು. ಹಾರ್ಮೋನಿನ ಔಷಧಿ ಮೈಗೆ ಹಿಡಿಯುತ್ತಿರಲಿಲ್ಲ. ಯಾಕೆ ಹಿಡಿಯುತ್ತಿಲ್ಲ ಎಂಬುದು ತಾಯಿಗೆ ಗೊತ್ತಿತ್ತು. ಅಯ್ಯೋ, ಗೊತ್ತಿದ್ದೂ ಎಣ್ಣೆ ಬಿಸಿಯಾಗುತ್ತಲೇ ಇತ್ತು...

ಶ್ರೀರಾಮನೆಂದು ಹೆಸರಿಟ್ಟು ತೊಟ್ಟಿಲು ತೂಗಿದ ಮಗು, ತಾನು ಹೆಣ್ಣು, ಶರ್ಮಿಳಾ, ಎಂದು ಹೇಳಿ ಎರಡು ವರ್ಷವಾಗಿತ್ತು. ತಂದೆ ಕೃಷ್ಣರಾಜ ಕೋಲ್ಕತ್ತದ ಬಿಬಿಡಿ ಬಾಗ್‌ನ ಕಚೇರಿಗಳಿಗೆ ಊಟ ಕಳಿಸುವ ಉಡುಪಿಯವರು. ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೆಯ ದಿನ ಊಟ ಆಯಿತಾ ಮಗಳೇ ಎಂದು ಕೇಳಿ ದಾರಿಗೆ ಬಂದರು. ಸುಗುಣಾ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆತ್ತವಳು ಮಾತ್ರ ಎರಡು ವರ್ಷ ಮಗುವಿನ ತಲೆ ನೇವರಿಸಲಿಲ್ಲ. ಕಾಳಿಘಾಟಿಗೆ ಹೋಗಿ ಮಗನನ್ನು ಮರಳಿ ಕೊಡೆಂದು ಹರಕೆ ಹೊತ್ತು ಬಂದಳು.

ಅಷ್ಟರಲ್ಲಿ ಶರ್ಮಿಳಾಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ವೈದ್ಯೆ ಹಾರ್ಮೋನಿನ ಮಾತ್ರೆ ನಿಲ್ಲಿಸಿ, ಅದರ ಬದಲು ತೋಳಿಗೆ ಹಚ್ಚುವ ಹಾರ್ಮೋನಿನ ಜೆಲ್ ಬರೆದರು. ಹೆದರಿ ಜೊತೆಗೆ ಬಂದಿದ್ದ ಸುಗುಣಾಗೂ ಬಿಡಿಸಿ ಹೇಳಿದರು: ಹಚ್ಚಿದ್ದು ಪೂರ್ತಿ ಒಣಗಬೇಕು, ಒಂದು ಗಂಟೆ ಸ್ನಾನ ಬೇಡ, ಆ ಜಾಗಕ್ಕೆ ಎಣ್ಣೆಯಂತೂ ಬೇಡವೇ ಬೇಡ, ಔಷಧಿ ಮೈಗೆ ಹಿಡಿಯುವುದಿಲ್ಲ.

ಮರುದಿನ ಬೆಳಿಗ್ಗೆಯೇ, ಜೆಲ್ ಹಚ್ಚಿ ಬಂದ ಮಗಳನ್ನು ಸುಗುಣಾ ಎಣ್ಣೆಸ್ನಾನಕ್ಕೆ ಕರೆದಳು. ಶರ್ಮಿಳಾ ಬೆರಗಾಗಿ ನೋಡಿ, ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಆಮೇಲೆ ಕೈ ಒಣಗಿದೆ, ಮೈ ಕಾದಿದೆ ಎಂಬ ನೆವದಲ್ಲಿ ಅದು ದಿನದ ರೂಢಿಯಾಯಿತು. ವೈದ್ಯೆ ಒಮ್ಮೆ ಪ್ರಮಾಣ ಹೆಚ್ಚಿಸಿದರೂ ಫಲ ಕಾಣಲಿಲ್ಲ. ಕಾಳಿ ಕಣ್ಣು ಬಿಟ್ಟಳು ಎಂದು ಸುಗುಣಾ ಒಳಗೊಳಗೇ ಹಿಗ್ಗಿದಳು. ತಾಯಿಯಾದವಳು ಹಿಗ್ಗಬಹುದಾದ ವಿಷಯವೇ ಅದು?

ಕನ್ನಡಿಯ ಮುಂದೆ ಅತ್ತ ಆ ದಿನ ಸಂಜೆ ವೈದ್ಯೆ ರಕ್ತದ ವರದಿ ನೋಡಿ ತಲೆಯಾಡಿಸಿದರು. ರಕ್ತ ಹೆಪ್ಪುಗಟ್ಟಿದ್ದ ಕಾಲು, ಪ್ರಮಾಣ ಇನ್ನೂ ಹೆಚ್ಚಿಸಲು ಭಯ. ಸದ್ಯಕ್ಕೆ ಎಲ್ಲ ನಿಲ್ಲಿಸೋಣ ಎಂದರು. ಶರ್ಮಿಳಾಳ ಮುಖ ಬಿಳಿಚಿಕೊಂಡಿತು. ತೋಳಿಗೆ ಬೇರೆ ಏನಾದರೂ ಹಚ್ಚುತ್ತೀಯಾ ಎಂದು ವೈದ್ಯೆ ಕೇಳಿದಾಗ ಮಾತ್ರ ಅವಳು ತಡವರಿಸದೆ ಇಲ್ಲವೆಂದಳು.

ಆ ಸುಳ್ಳು ಯಾರನ್ನು ಕಾಪಾಡಲು ಎಂದು ಪಕ್ಕದಲ್ಲೇ ಕೂತಿದ್ದ ಸುಗುಣಾಗೆ ಆ ಕ್ಷಣಕ್ಕೆ ಅರ್ಥವಾಯಿತು. ತನ್ನ ಹರಕುಮುರುಕು ಹಿಂದಿಯಲ್ಲಿ, ಎಣ್ಣೆ ಹಚ್ಚಿದ್ದು ತಾನು, ಗೊತ್ತಿದ್ದೇ ಹಚ್ಚಿದ್ದು ಎಂದು ಒಪ್ಪಿಕೊಂಡಳು. ವೈದ್ಯೆ ವರದಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಜೆಲ್ಲನ್ನು ಮೊದಲಿನ ಪ್ರಮಾಣಕ್ಕೇ ಇಳಿಸಿ, ಹೊಸದಾಗಿ ಶುರು ಮಾಡಲು ಬರೆದುಕೊಟ್ಟರು. ಹೋದ ಮೂರು ತಿಂಗಳು ಹೋದಂತೆಯೇ.

ಮನೆಗೆ ಬಂದ ಮೇಲೆ ಸುಗುಣಾ ಮಗಳ ಮುಂದೆ ಕುಸಿದು ಕೂತಳು.

"ನೀನು ಮೊದ್ಲಿನ ಹಾಗೆ ಆಗ್ತಿ ಅಂತ ಆಸೆ ಇತ್ತು ಮಗಾ... ಕ್ಷಮಿಸು ಹೇಳ್ಲಿಕ್ಕೂ ಮುಖ ಇಲ್ಲ ನಂಗೆ."

"ನಂಗೆ ಗೊತ್ತಿತ್ತಮ್ಮ. ಡಾಕ್ಟರ್ ಹೇಳಿದ್ದು ನಾನೂ ಕೇಳಿದ್ದೆ ಅಲ್ವಾ?"

"ಮತ್ತೆ ಎಂತಕ್ಕೆ ಸುಮ್ನೆ ಕೂತದ್ದು?"

"ನಮ್ಮನೇಲಿ ಗಂಡಸ್ರಿಗೆ ಶನಿವಾರ ಎಣ್ಣೆ, ಹೆಂಗಸ್ರಿಗೆ ಶುಕ್ರವಾರ. ಲೈಫಲ್ಲಿ ಫಸ್ಟ್ ಟೈಮ್ ನೀನು ನನ್ನನ್ನು ಶುಕ್ರವಾರ ಕರ್ದೆ... ಹೇಗೆ ಬೇಡ ಅನ್ಲಿ?"

ಸುಗುಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಈಗ ಪ್ರತಿ ಶುಕ್ರವಾರ ಅವಳು ಮಗಳೆದುರು ಕೂತು ಕಾದು, ಜೆಲ್ ಹಚ್ಚಿ ಗಂಟೆ ಕಳೆದ ಮೇಲೆ ನೆತ್ತಿಗಷ್ಟೇ ಎಣ್ಣೆ ಹಾಕುತ್ತಾಳೆ. ತೋಳಿನ ಹತ್ತಿರ ಕೈ ಸುಳಿಯಗೊಡುವುದಿಲ್ಲ. ಶರ್ಮಿಳಾ ಕಣ್ಣು ಮುಚ್ಚಿ ನಗುತ್ತಾಳೆ. ಅಂದು ತಾನು ಜೆಲ್ ಶುರುವಾದ ದಿನವೆಂದು ಕರೆದಿದ್ದೆನೇ ಹೊರತು ಅದು ಶುಕ್ರವಾರವೆಂದು ನೋಡಿರಲಿಲ್ಲ ಎಂಬ ಮಾತನ್ನು ಸುಗುಣಾ ಇಂದಿಗೂ ಅವಳಿಗೆ ಹೇಳಿಲ್ಲ.