ಮುಚ್ಚಳದ ಮೇಲಿನ ತಾರೀಖು

ಮುನೇಶ್ ನಮ್ಮ ಆಫೀಸಿನ ಮೆಟ್ಟಿಲು ಮೊದಲ ಸಲ ಹತ್ತಿದ್ದೇ ಜಗಳ ಆಡಲಿಕ್ಕೆ. ಕೋಲಾರ ಬಸ್ ಸ್ಟ್ಯಾಂಡಿನ ಹಿಂದೆ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಆಗಷ್ಟೇ ಒರೆಸಿದ ನೆಲದ ಮೇಲೆ ಕೆಮ್ಮಣ್ಣಿನ ಬೂಟಿನ ಗುರುತು ಬಿಡುತ್ತಾ ನೇರ ನನ್ನ ಮೇಜಿಗೆ ಬಂದ.

"ಮ್ಯಾಪ್ ಮಾಡೋ ಶ್ರೀವಾಣಿ ಮೇಡಮ್ ನೀವೇನಾ?"

"ಹೌದು. ನೀವು?"

"ಹೊಸ ಫೀಲ್ಡ್ ಅಸಿಸ್ಟೆಂಟು, ಮುನೇಶ್. ಲಕ್ಕೂರಲ್ಲಿ ಕೆರೆ ಇದೆ, ಹೋಗಿ ಫೋಟೋ ತಗೊಂಡು ಬನ್ನಿ ಅಂತ ಪಾಯಿಂಟ್ ಕಳಿಸಿದ್ರಲ್ಲ. ಅದು ಕೆರೆ ಅಲ್ಲ, ಪ್ಲಾಸ್ಟಿಕ್ ಹೊದಿಸಿರೋ ಪಾಲಿಹೌಸು. ಒಳಗೆ ದಪ್ಪ ಮೆಣಸಿನಕಾಯಿ ಬೆಳೆದವ್ರೆ. ಮಟಮಟ ಮಧ್ಯಾಹ್ನ ನೀರು ಹುಡುಕ್ಕೊಂಡು ಊರೆಲ್ಲ ಸುತ್ತಿದೀನಿ."

ನಗು ತಡೆಯಲು ಕಂಪ್ಯೂಟರ್ ಕಡೆ ತಿರುಗಿದೆ. ಅವನು ಅದನ್ನೂ ಗಮನಿಸಿದ. ಸಿಟ್ಟಿನಲ್ಲಿದ್ದವನ ತುಟಿಯ ಒಂದು ಮೂಲೆ ಸಡಿಲವಾಯಿತು. ನನ್ನ ಹಾಳು ಕಥೆ ಶುರುವಾಗಿದ್ದು ಆ ಮೂಲೆಯಿಂದಲೇ.

ನಮ್ಮ ಕೆಲಸ ಇಷ್ಟೇ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರ ನೋಡಿ, ಯಾವ ಹೊಲದಲ್ಲಿ ರಾಗಿ, ಯಾವುದರಲ್ಲಿ ಹಿಪ್ಪುನೇರಳೆ ಎಂದು ಸಾಫ್ಟ್‌ವೇರ್ ಹೇಳಬೇಕು. ಅದು ತಾನಾಗಿ ಏನೂ ಹೇಳುವುದಿಲ್ಲ. ಯಾರಾದರೂ ಹೊಲಕ್ಕೇ ಹೋಗಿ, ಫೋಟೋ ತೆಗೆದು, ಇದು ಇಂಥ ಬೆಳೆ ಎಂದು ಬರೆದು ಕಳಿಸಬೇಕು. ಅದನ್ನು ನೋಡಿ ನೋಡಿ ಕಲಿಯುತ್ತದೆ. ಬಿಸಿಲು ಮುನೇಶನ ಪಾಲು, ಫ್ಯಾನಿನ ಕೆಳಗೆ ಕೂತು ಕಲಿಸುವುದು ನನ್ನ ಪಾಲು.

ಒಂದು ದಿನ ಊಟದ ಹೊತ್ತಿಗೆ ಬಂದು ಎದುರು ಕೂತ.

"ಮೇಡಮ್, ಯಾವಾಗ್ ನೋಡಿದ್ರೂ ಕಂಟೈನರ್ ಬಿತ್ತು, ಕಂಟೈನರ್ ಎದ್ದಿಲ್ಲ ಅಂತೀರಲ್ಲ. ವೇಮಗಲ್ ರೋಡಲ್ಲಿ ಲಾರಿ ಮೇಲೆ ಹೋಗುತ್ತಲ್ಲ, ಅದಾ?"

ನನ್ನ ಊಟದ ಡಬ್ಬಿಯನ್ನೇ ತೋರಿಸಿದೆ. "ಹಿಂಗೆ. ಅನ್ನ, ಸಾರು, ಉಪ್ಪಿನಕಾಯಿ, ಚಮಚ ಎಲ್ಲ ಒಂದರಲ್ಲೇ ತುಂಬಿ ಮುಚ್ಚಳ ಹಾಕಿದ್ರೆ, ಎಲ್ಲಿ ತೆಗೆದ್ರೂ ಅದೇ ಊಟ. ಸಾಫ್ಟ್‌ವೇರು, ಅದಕ್ಕೆ ಬೇಕಾದ ಸಾಮಾನು, ಅದು ಕಲಿತ ಪಾಠ, ಎಲ್ಲ ಒಂದೇ ಡಬ್ಬಿ. ಯಾವ ಕಂಪ್ಯೂಟರಲ್ಲಿ ತೆಗೆದ್ರೂ ಒಂದೇ ಥರ ಓಡುತ್ತೆ."

"ಮರೆತು ನಿನ್ನೆ ಡಬ್ಬಿ ತೆಗೆದುಬಿಟ್ರೆ?"

"ಹಳಸಿದ್ದು ತಿನ್ನಬೇಕು. ಅದಕ್ಕೇ ಮುಚ್ಚಳದ ಮೇಲೆ ತಾರೀಖು ಹಾಕ್ತೀನಿ." ಮ್ಯಾಪಿನ ಬಲ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾಗಿದ್ದ ಅಕ್ಷರಗಳನ್ನು ತೋರಿಸಿದೆ. "ಈ ಡಬ್ಬಿ ಯಾವತ್ತು ಕಟ್ಟಿದ್ದು ಅಂತ. ಇದನ್ನ ಯಾರೂ ನೋಡಲ್ಲ."

"ನಾನು ನೋಡ್ತೀನಿ," ಎಂದ. ನೋಡುತ್ತಿದ್ದದ್ದು ಮ್ಯಾಪನ್ನಲ್ಲ.

ಆಮೇಲೆ ಅವನು ಹೊಲಗಳಿಂದ ಕಳಿಸುವ ಫಾರಂನ ಕೊನೆಯ ಕಾಲಂ ತುಂಬತೊಡಗಿತು. ಬೆಳೆ: ರಾಗಿ. ಷರಾ: ಇಲ್ಲಿ ಒಂದು ಹಿಡಿ ನೆರಳಿಲ್ಲ, ಕೆಲವರಿಗೆ ಫ್ಯಾನ್ ಇದೆ. ಬೆಳೆ: ಟೊಮೇಟೊ. ಷರಾ: ನೆನ್ನೆ ಹಾಕಿದ್ದ ಹಸಿರು ಚೂಡಿದಾರ ಇನ್ನೊಂದ್ಸಲ ಹಾಕಿ. ಆ ಷರಾಗಳನ್ನು ಅಳಿಸುವುದು ನನ್ನ ದಿನದ ಮೊದಲ ಕೆಲಸವಾಯಿತು. ಅಳಿಸುವ ಮುಂಚೆ ನನ್ನ ಡೈರಿಗೆ ಬರೆದುಕೊಳ್ಳುತ್ತಿದ್ದೆ. ಮರುದಿನ ಹಸಿರು ಚೂಡಿದಾರವನ್ನೂ ಹಾಕಿಕೊಂಡು ಹೋದೆ, ಮರ್ಯಾದೆ ಬಿಟ್ಟು.

ಹೊಲ ನೋಡುವ ನೆಪ ಹೇಳಿ ಒಮ್ಮೆ ರೈಲಿನಲ್ಲಿ ಟೇಕಲ್‌ಗೂ ಹೋದೆ. ಬೆಟ್ಟದ ಬುಡದಲ್ಲಿ ಅವನ ಚಿಕ್ಕಪ್ಪ ಚನ್ನರಾಯಪ್ಪನವರ ಹಿಪ್ಪುನೇರಳೆ ತೋಟ. ಗಿಡಗಳನ್ನು ಬುಡಕ್ಕೆ ಕತ್ತರಿಸಿದ್ದರು.

"ಮೇಲಿಂದ ನೋಡಿದ್ರೆ ಬೀಳು ಬಿದ್ದಿರೋ ನೆಲ," ಎಂದ ಮುನೇಶ್. "ಹತ್ರ ಬಂದೋರಿಗೆ ಮಾತ್ರ ಗೊತ್ತು, ಹದಿನೈದು ದಿನಕ್ಕೆ ಚಿಗುರುತ್ತೆ ಅಂತ. ಇಂಥವು ನಲವತ್ತೆರಡು ಹೊಲ ಇವೆ. ಒಂದೊಂದಕ್ಕೂ ಹೋಗಿ ಬರೆದಿದೀನಿ. ನಿಮ್ಮ ಡಬ್ಬಿಗೆ ಕಲಿಸಿ."

ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು, ಇಬ್ಬರ ಮನೆಯಲ್ಲೂ ಆಡುವ ತೆಲುಗಿನಲ್ಲಿ ಕೇಳಿದ. "ಏಮಂಟಾವು?" ಏನಂತೀಯ ಅಂತ. ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ.

"ಸರೇ," ಎಂದೆ.

ಅವತ್ತಿಗೆ ಮೇಡಮ್ ಹೋಗಿ ವಾಣಿ ಆದೆ. ಮ್ಯಾಪ್ ಮುಗಿದ ವಾರದ ಭಾನುವಾರ ಅವನ ತಾಯಿ ಅಶ್ವತ್ಥಮ್ಮ ಶ್ರೀನಿವಾಸಪುರಕ್ಕೆ ನಮ್ಮ ಮನೆಗೆ ಹೆಣ್ಣು ಕೇಳಲು ಬರುವುದೆಂದು ನಿಶ್ಚಯವಾಯಿತು.

ಗುರುವಾರ ಮ್ಯಾಪನ್ನು ಗೋಡೆಗೆ ಅಂಟಿಸಿದರು. ಅದರಲ್ಲಿ ಹಿಪ್ಪುನೇರಳೆ ಎಂದು ಬಂದ ರೈತರಿಗೆ ರೇಷ್ಮೆ ಹುಳು ಗೂಡು ಕಟ್ಟುವ ಹೊಸ ಚಂದ್ರಿಕೆ ಸಿಗಬೇಕಿತ್ತು. ನಮ್ಮ ಮ್ಯಾನೇಜರ್ ರಾಮಚಂದ್ರಪ್ಪ ಸಾರ್ ಮುನೇಶನ ಪಟ್ಟಿ ಹಿಡಿದು ಒಂದೊಂದೇ ಹೊಲ ತಾಳೆ ನೋಡಿದರು. ಟೇಕಲ್‌ನ ನಲವತ್ತೆರಡೂ ಬೀಳು ಎಂದು ಬಂದಿದ್ದವು.

"ನಿಮ್ಮ ಚಿಕ್ಕಪ್ಪಂದೂ ಇದೆ ಇದರಲ್ಲಿ," ಎಂದರು ಮುನೇಶನಿಗೆ. "ಬೇಕಾದವರ ಬೀಳು ನೆಲಕ್ಕೆಲ್ಲ ಹಿಪ್ಪುನೇರಳೆ ಅಂತ ಬರೆದಿದೀಯಲ್ಲಪ್ಪ."

"ಫೋಟೋ ಇವೆ ಸಾರ್."

"ಫೋಟೋದಲ್ಲಿ ಒಣ ಕಡ್ಡಿ ಬಿಟ್ರೆ ಇನ್ನೇನಿದೆ?"

ನಾನು ಮ್ಯಾಪಿನ ಮೂಲೆ ನೋಡಿದೆ. ಹೋದ ವರ್ಷದ ತಾರೀಖು. ಮುನೇಶನ ಆರು ವಾರದ ಬಿಸಿಲನ್ನೆಲ್ಲ ತುಂಬಿ ಹೊಸ ಡಬ್ಬಿ ಕಟ್ಟಿದ್ದು ನಿಜ. ಆದರೆ ಅದನ್ನು ಆಫೀಸಿನ ದೊಡ್ಡ ಕಂಪ್ಯೂಟರಿಗೆ ಇಳಿಸಿಕೊಳ್ಳದೆಯೇ ಓಡಿಸಿಬಿಟ್ಟಿದ್ದೆ. ಎರಡಕ್ಕೂ ಒಂದೇ ಹೆಸರು, ಅಲ್ಲಿದ್ದ ಹಳೆಯದೇ ಎದ್ದು ಓಡಿತ್ತು. ಆ ಹೊತ್ತಿನಲ್ಲಿ ನಾನು, ಭಾನುವಾರ ಯಾವ ಸೀರೆ ಉಡಲಿ ಎಂದು ಫೋನಿನಲ್ಲಿ ಅವನ ಪ್ರಾಣ ತಿನ್ನುತ್ತಿದ್ದೆ.

"ಶ್ರೀವಾಣಿ, ಸಾಫ್ಟ್‌ವೇರ್ ಸರಿಯಾಗಿ ಓಡಿದೆ ತಾನೇ?"

ಮುನೇಶ್ ಮ್ಯಾಪಿನ ಪಕ್ಕದಲ್ಲೇ ನಿಂತಿದ್ದ. ತಿರುಗಿ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸುಮ್ಮನೆ ನೋಡಿದ.

ನನ್ನ ಪರ್ಮನೆಂಟ್ ಆರ್ಡರ್ ಸೋಮವಾರ ಬರುವುದಿತ್ತು.

"ಓಡಿದೆ ಸಾರ್," ಎಂದೆ.

ನಾಳೆ ಸರಿ ಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳಿಗೆ ನಾಳೆ ಎನ್ನುವುದು ಎಷ್ಟು ಅನುಕೂಲ ನೋಡಿ. ಅವನು ಐಡಿ ಕಾರ್ಡ್ ಬಿಚ್ಚಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಸ ಡಬ್ಬಿ ಇಳಿಸಿ ಓಡಿಸಿದೆ. ನಲವತ್ತೆರಡು ಹೊಲವೂ ಮ್ಯಾಪಿನಲ್ಲಿ ಹಿಪ್ಪುನೇರಳೆಯ ಹಸಿರಾದವು. ಹೋಗಿ ಸಾರ್‌ಗೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. "ಹೊಸ ಮ್ಯಾಪ್ ಕಳಿಸಿ. ಹಳೇದರ ಮಾತು ಎತ್ತಬೇಡಿ. ಆ ಹುಡುಗನ್ನ ಬೇಕಾದ್ರೆ ಆಮೇಲೆ ಕರೆಸೋಣ," ಎಂದರು. ಅಷ್ಟರಲ್ಲಿ ಚನ್ನರಾಯಪ್ಪನ ಅಣ್ಣನ ಮಗ ಸುಳ್ಳು ಬರೆದು ಕೆಲಸ ಕಳಕೊಂಡನಂತೆ ಎಂಬ ಮಾತು ಟೇಕಲ್ ಸ್ಟೇಷನ್ನಿನವರೆಗೂ ಹರಡಿತ್ತು.

ಭಾನುವಾರ ಅಮ್ಮ ಒಬ್ಬಟ್ಟು ಮಾಡಿ ಸಂಜೆವರೆಗೂ ಬಾಗಿಲು ನೋಡಿದಳು. ಯಾರೂ ಬರಲಿಲ್ಲ. ಸೋಮವಾರ ಆರ್ಡರ್ ಬಂತು.

ಹದಿನೈದು ದಿನ ಕಳೆದು ಅವನು ಸಿಕ್ಕಿದ್ದು ವೇಮಗಲ್‌ನಲ್ಲಿ, ಒಂದು ಫ್ಯಾಕ್ಟರಿ ಗೇಟಿನ ಎದುರಿನ ಟೀ ಅಂಗಡಿ ಹತ್ತಿರ. ನೀಲಿ ಯೂನಿಫಾರ್ಮಿನಲ್ಲಿದ್ದ. ಬೂಟಿನಲ್ಲಿ ಮಣ್ಣಿರಲಿಲ್ಲ.

"ಮುನೇಶ, ಆ ಮ್ಯಾಪ್ ತಪ್ಪು. ತಪ್ಪು ನಂದು. ಹಳೇ ಡಬ್ಬಿ ಓಡಿಸ್ಬಿಟ್ಟೆ."

"ಗೊತ್ತು ಮೇಡಮ್."

ಮೇಡಮ್ ಅಂದದ್ದೇ ಸಾಕಾಗಿತ್ತು. ನಾನು ಆಗಲೇ ತಿರುಗಿ ಹೋಗಬೇಕಿತ್ತು.

"ಗೋಡೆಗೆ ಹಾಕಿದ ತಕ್ಷಣ ಮೂಲೆ ನೋಡ್ದೆ," ಎಂದ. "ನೀವೇ ಹೇಳ್ಕೊಟ್ಟಿದ್ರಲ್ಲ."

"ಮತ್ತೆ ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನಿಮ್ಮ ಆರ್ಡರ್ ನಿಂತುಹೋಗ್ತಿತ್ತು. ನೀವೇ ಹೇಳ್ತೀರಿ ಅಂತ ಕಾಯ್ತಾ ನಿಂತಿದ್ದೆ."

ನನ್ನ ಕೈಯಲ್ಲಿದ್ದ ಟೀ ಲೋಟ ಓರೆಯಾಗಿ ಚೆಲ್ಲತೊಡಗಿತ್ತು. ಅವನು ಮೆಲ್ಲಗೆ ಅದನ್ನು ತೆಗೆದುಕೊಂಡು ಬೆಂಚಿನ ಮೇಲಿಟ್ಟ. ಈಗಲೂ ಅಷ್ಟು ಜೋಪಾನ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಾರ್‌ಗೆ ಹೇಳಿದೀನಿ. ವಾಪಸ್ ಕರೀತಾರೆ. ಅಶ್ವತ್ಥಮ್ಮನವರಿಗೂ ನಾನೇ ಬಂದು ಹೇಳ್ತೀನಿ."

"ಅವ್ವಂಗೆ ಏನೂ ಹೇಳ್ಬೇಡಿ. ಆ ಹುಡುಗಿಗೆ ಬೇರೆ ಕಡೆ ಸಂಬಂಧ ಗೊತ್ತಾಯ್ತಂತೆ ಅಂದಿದೀನಿ. ಇಷ್ಟು ದಿನದಲ್ಲಿ ನಾನು ಹೇಳಿರೋ ಸುಳ್ಳು ಅದೊಂದೇ ಮೇಡಮ್."

ಕೋಲಾರದ ಬಸ್ಸು ದೂರದಲ್ಲಿ ಕಾಣಿಸಿತು. ಇನ್ನು ನಾಚಿಕೆ ಯಾರಿಗೆ ಬೇಕಿತ್ತು? ಕೇಳಿಯೇಬಿಟ್ಟೆ.

"ಏಮಂಟಾವು, ಮುನೇಶ?"

ಅವನು ನನ್ನನ್ನು ಒಮ್ಮೆ ನೋಡಿದ, ಗುರುವಾರ ನೋಡಿದ ಹಾಗೆಯೇ. ಈ ಸಲ ಕಾಯಲಿಲ್ಲ.

"ಬಸ್ ಬಂತು ಮೇಡಮ್," ಎಂದ ಕನ್ನಡದಲ್ಲಿ. "ಹತ್ಕೊಳ್ಳಿ."

ಹತ್ತಿಕೊಂಡೆ.

ಈಗ ಪ್ರತಿ ಮ್ಯಾಪಿನ ಮೂಲೆಯನ್ನೂ ಎರಡೆರಡು ಸಲ ನೋಡಿ ಕಳಿಸುತ್ತೇನೆ. ತಾರೀಖು ಸರಿಯಾಗಿಯೇ ಇರುತ್ತದೆ. ಅವನ ಜಾಗಕ್ಕೆ ಅನಿತ ಎಂಬ ಹುಡುಗಿ ಬಂದಿದ್ದಾಳೆ, ಬಹಳ ಶಿಸ್ತು. ಒಂದು ಕಾಲಂ ಕೂಡ ಖಾಲಿ ಬಿಡುವುದಿಲ್ಲ. ಬೆಳೆ: ಹಿಪ್ಪುನೇರಳೆ. ಷರಾ: ಏನೂ ಇಲ್ಲ.