ಗ್ರೋಹೋಲ್ಮದಲ್ಲಿ ನಾಯಿಗೆ ಜಾಗವಿಲ್ಲ

"ಮನುಷ್ಯನಿಗೆ ಜಾಗ ಇದೆ. ನಾಯಿಗಿಲ್ಲ."

ಸುರಿಯುವ ಹಿಮದಲ್ಲಿ ಗ್ರೋಹೋಲ್ಮ ದ್ವೀಪದ ದೋಣಿಕಟ್ಟೆಯ ತುದಿಗೆ ನಿಂತು ಯೋರುನ್ ಅವನಿಗೆ ಹೇಳಿದ ಮೊದಲ ಮಾತು ಅದು. ಅವಳ ಕೈಯಲ್ಲಿ ಉದ್ದನೆಯ ಕೊಕ್ಕೆಗೋಲು. ಅದರ ತುದಿ ಅಪರಿಚಿತನ ದೋಣಿಯ ಮೂತಿಗೆ ಒತ್ತಿಕೊಂಡಿತ್ತು... ಎಳೆದುಕೊಳ್ಳುವುದಕ್ಕೋ, ತಳ್ಳಿಬಿಡುವುದಕ್ಕೋ ಅವಳಿಗೇ ತಿಳಿದಿರಲಿಲ್ಲ.

ದೋಣಿಯಲ್ಲಿದ್ದವನ ಗಡ್ಡದ ತುಂಬ ಹರಳುಗಟ್ಟಿದ ಹಿಮ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ಟು. ಅದರೊಳಗಿಂದ ಒಂದು ಕಂದು ನಾಯಿಯ ಮೂತಿ ಹೊರಗೆ ಇಣುಕುತ್ತಿತ್ತು.

ಎಂಜಿನ್ ನಿಂತುಹೋಗಿದೆ, ಡೀಸೆಲ್ ಪೈಪಿನಲ್ಲಿ ನೀರು ಸೇರಿ ಹೆಪ್ಪುಗಟ್ಟಿದೆ, ಗಾಳಿ ಇಳಿಯುವ ತನಕ ತಂಗಲು ಬಿಟ್ಟರೆ ಸಾಕು ಎಂದು ಅವನು ಕೂಗಿ ಹೇಳಿದ.

"ಗಾಳಿ ಇಳಿದ ಮೇಲೂ ಇರಿ, ಯಾರು ಬೇಡ ಅಂದ್ರು? ನಾಯಿ ಮಾತ್ರ ಈ ನೆಲ ಮುಟ್ಟೋ ಹಾಗಿಲ್ಲ."

ಅವನು ನಾಯಿಯ ಮುಖ ನೋಡಿದ. ಆಮೇಲೆ ಅವಳ ಮುಖ ನೋಡಿದ.

"ನಾಯಿಗೆ ಜಾಗ ಇಲ್ಲ ಅಂದ್ರೆ ನನಗೂ ಬೇಡ."

ಅಷ್ಟು ಹೇಳಿ ಗಾಳಿಗೆ ಬೆನ್ನು ಕೊಟ್ಟು ದೋಣಿಯಲ್ಲೇ ಕುಳಿತುಬಿಟ್ಟ!

'ಎಂಥ ಮೊಂಡ ಇವನು... ಸತ್ತರೂ ಇಳಿಯೋನಲ್ಲ,' ಅಂದುಕೊಂಡಳು ಯೋರುನ್. ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ತಳದಲ್ಲೆಲ್ಲೋ, ಯಾಕೋ, ಒಂದು ಬಗೆಯ ಗೌರವವೂ ಹುಟ್ಟಿತು.

ನಾರ್ವೆಯ ಬಡಗಣ ಕಡಲಿನ ನಮ್ಮ ಈ ಪುಟ್ಟ ದ್ವೀಪಗಳಲ್ಲಿ ಚರ್ಚಿನ ಕಟ್ಟಳೆಯಾದರೂ ಸಡಿಲವಾದೀತು, ಹಕ್ಕಿಯ ಕಟ್ಟಳೆ ಸಡಿಲವಾಗುವುದಿಲ್ಲ. ಕಡಲಬಾತುಗಳು ಚಳಿಗಾಲವನ್ನೆಲ್ಲ ಅಲೆಗಳ ಮೇಲೆ ಕಳೆದು, ವಸಂತಕ್ಕೆ ದಡ ಹತ್ತಿ, ನಾವು ಕಟ್ಟಿಟ್ಟ ಪುಟ್ಟ ಮರದ ಮನೆಗಳಲ್ಲಿ ಮೊಟ್ಟೆ ಇಡುತ್ತವೆ. ಕಾವಲಿನವರು ಒಣಗಿದ ಕಡಲಪಾಚಿ ಹಾಸಿ ಗೂಡು ಸಿದ್ಧಮಾಡಬೇಕು. ಹಕ್ಕಿಗಳು ಹೋದ ಮೇಲೆ ಅವು ಬಿಟ್ಟುಹೋದ, ಬೆಚ್ಚನೆಯ ಹೊದಿಕೆಗೆ ತುಂಬುವ ಎದೆಯ ತುಪ್ಪಳ ನಮ್ಮದು. ಅದಕ್ಕೇ ಫೆಬ್ರವರಿ ಮೊದಲಲ್ಲಿ ಚರ್ಚಿನ ಮೇಣದಬತ್ತಿಯ ಹಬ್ಬ ಕಳೆಯಿತೆಂದರೆ ದ್ವೀಪದಲ್ಲಿ ನಾಯಿ ಇಲ್ಲ, ಸುತ್ತಿಗೆಯ ಸದ್ದಿಲ್ಲ, ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಇಲ್ಲ.

ಯೋರುನ್ ತೊಟ್ಟಿದ್ದು ಅಜ್ಜಿಯ ಬೂದು ಕೋಟು. ಹಕ್ಕಿಗಳಿಗೆ ಆ ಕೋಟಿನ ಗುರುತಿತ್ತು. ಅಜ್ಜಿ ತೀರಿಕೊಂಡ ಮೇಲೆ ಕೋಟಿನ ಜೊತೆಗೆ ಕಾವಲೂ ಮೊಮ್ಮಗಳಿಗೇ ಬಂದಿತ್ತು. ಒಬ್ಬಂಟಿ ಹುಡುಗಿಯಿಂದ ಇದು ಆಗದ ಕೆಲಸ ಎಂದು ದೊಡ್ಡ ದ್ವೀಪದಲ್ಲಿದ್ದ ಓಲಿಯಾ ಅತ್ತೆ ಫೋನಿನಲ್ಲಿ ದಿನಾ ಸಂಜೆ ಹೇಳುತ್ತಿದ್ದಳು. ಆಗುತ್ತೆ ಎಂದು ಯೋರುನ್ ದಿನಾ ಸಂಜೆ ಉತ್ತರ ಕೊಡುತ್ತಿದ್ದಳು.

ಹಿಮ ಅವನ ಹೆಗಲ ಮೇಲೆ ಗೇಣುದ್ದ ಬೆಳೆಯಿತು. ಅವಳಿಗೆ ತಡೆಯಲಾಗಲಿಲ್ಲ.

"ಕೇಳಿ ಇಲ್ಲಿ... ಆ ದೋಣಿಮನೆ ಇದೆಯಲ್ಲ, ಅದು ನಿಂತಿರೋದು ನೀರಲ್ಲಿ ನೆಟ್ಟ ಕಂಬದ ಮೇಲೆ. ಅದು ನೆಲ ಅಲ್ಲ. ನಾಯೀನ ಎತ್ಕೊಂಡು ಹೋಗಿ. ಪಾದ ಊರಿದ್ರೆ ಇಬ್ರನ್ನೂ ಕಡಲಿಗೆ ತಳ್ತೀನಿ."

"ಎತ್ಕೊಂಡೇ ಇದ್ದೀನಲ್ಲ," ಎಂದ ಅವನು. ಹೆಪ್ಪುಗಟ್ಟಿದ ಗಡ್ಡದೊಳಗೆ ನಕ್ಕನೆಂದು ಕಾಣುತ್ತದೆ.

ಅವನ ಹೆಸರು ಸಿವೆರ್ಟ್. ಬಂಡೆಗಳ ಮೇಲೆ ದೋಣಿಗಳಿಗಾಗಿ ಇಟ್ಟ ದಾರಿದೀಪಗಳನ್ನು ಸರಿಮಾಡುತ್ತ ಕಡಲೆಲ್ಲ ಅಲೆಯುವವನು. ನಾಯಿಯ ಹೆಸರು ಪಿಲ್ಟ್. ಮನೆಯ ಬೆಚ್ಚನೆಯ ಕೋಣೆಗೆ ಬನ್ನಿ ಎಂದರೂ ಅವನು ಬರಲಿಲ್ಲ, ನಾಯಿಯ ಪಕ್ಕದಲ್ಲೇ ಬಲೆಗಳ ರಾಶಿಯ ಮೇಲೆ ಮಲಗಿದ. ಅವಳು ಒಣಮೀನಿನ ಸಾರು, ಬೆಣ್ಣೆ ಸವರಿದ ಲೆಫ್ಸೆ ರೊಟ್ಟಿ ತಂದು ಹೊಸಿಲಲ್ಲಿಟ್ಟು ಹೋದಳು. ಬೆಳಿಗ್ಗೆ ಬಂದು ನೋಡಿದರೆ ದೋಣಿಮನೆಯ ಬಾಗಿಲಿನಿಂದ ಅವಳ ಮನೆಬಾಗಿಲಿಗೆ ಹಿಮ ಸರಿಸಿ ದಾರಿ ಮಾಡಿದ್ದ.

ಬಿರುಗಾಳಿ ಹೋಗುವ ಲಕ್ಷಣ ಕಾಣಲಿಲ್ಲ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಅವಳು ಅವನ ಕಿತ್ತಳೆ ಜಾಕೆಟ್ಟು ಬಿಚ್ಚಿಸಿ ಅಜ್ಜನ ಬೂದು ಸ್ವೆಟರ್ ಕೊಟ್ಟಳು. ತೋಳು ಮೊಣಕೈಗೇ ಮುಗಿದಿತ್ತು.

"ನಿಮ್ಮಜ್ಜ ಏನು ಮಗುವಾಗಿದ್ರಾ?"

"ನಮ್ಮಜ್ಜ ಮನುಷ್ಯನಷ್ಟೇ ಎತ್ತರ ಇದ್ರು. ನಿಮ್ಮ ಹಾಗೆ ದೀಪದ ಕಂಬ ಅಲ್ಲ."

ಅವನು ಕಲಿತ. ಅಲೆ ತಂದು ಹಾಕಿದ ಹಲಗೆಗಳಿಂದ, ಮೊಳೆ ಹೊಡೆಯದೆ, ಮರದ ಬೆಣೆಯನ್ನು ಕೈಯಿಂದಲೇ ಒತ್ತಿ, ಹಕ್ಕಿಮನೆ ಕಟ್ಟುವುದನ್ನು ಕಲಿತ. ಅವಳು ಪಾಚಿ ಹಾಸುವಾಗ ಅಜ್ಜಿ ಹೇಳುತ್ತಿದ್ದ ಸಾಲುಗಳನ್ನೇ ಮೆಲುದನಿಯಲ್ಲಿ ಹೇಳುತ್ತಿದ್ದಳು. ಹಕ್ಕಿಗೆ ಕೋಟಿನಷ್ಟೇ ದನಿಯ ಗುರುತೂ ಬೇಕು.

*ರೆಕ್ಕೆ ಕೊಟ್ಟವನೆ, ರೆಕ್ಕೆಗೆ ನೆಲೆಯ ಕೊಡು;*
*ಅಲೆಯ ಕೊಟ್ಟವನೆ, ಅಲೆಗೊಂದು ದಡವ ಕೊಡು.*

ಒಂದು ಸಂಜೆ ದೋಣಿಮನೆಯ ಹೊರಗೆ ಕಾಲು ತಡೆದು ನಿಂತಳು. ಒಳಗೆ ಅವನು ನಾಯಿಯ ಕಿವಿ ನೇವರಿಸುತ್ತ ಅದೇ ಸಾಲುಗಳನ್ನು ಹೇಳುತ್ತಿದ್ದ. ತಪ್ಪುತಪ್ಪಾಗಿ. ದಡದ ಜಾಗದಲ್ಲಿ ದೀಪ ಬಂದಿತ್ತು. ಯೋರುನ್ ತಿದ್ದಲಿಲ್ಲ. ತಿದ್ದಬೇಕು ಅನ್ನಿಸಲೂ ಇಲ್ಲ. ಎದೆಯೊಳಗೆ ಹೆಪ್ಪುಗಟ್ಟಿದ್ದ ಯಾವುದೋ ಪೈಪಿನಲ್ಲಿ ನೀರು ಹರಿದ ಹಾಗಾಯಿತು.

ಎಂಜಿನ್ ಸರಿಹೋಯಿತು. ಗಾಳಿಯೂ ಇಳಿಯಿತು. ಆದರೂ ಸಿವೆರ್ಟ್ ಆಕಾಶ ನೋಡಿ, ಗಾಳಿ ಇನ್ನೂ ಸರಿಯಿಲ್ಲ ಎಂದ. ಚಿಮಣಿಯ ಹೊಗೆ ನೆಟ್ಟಗೆ ಮೇಲೇಳುತ್ತಿದ್ದುದನ್ನು ಯೋರುನ್ ಕಂಡಳು. ಹೌದು, ಸರಿಯಿಲ್ಲ ಎಂದಳು.

ಇಂಥ ಸುಖದ ಮೇಲೆಯೇ ಆ ಬೆಳಗು ಬಂದು ಬಿದ್ದದ್ದು.

ಕೊಲ್ಲಿಯ ತುಂಬ ಕಡಲಬಾತುಗಳು ಬಂದು ಸೇರಿದ್ದವು. ಅವುಗಳ 'ಊ... ಊ...' ಎಂಬ ಮೆತ್ತನೆಯ ದನಿ ಕೇಳಿ ಸಂತೋಷದಿಂದ ಓಡಿಬಂದವಳು ದಡದಲ್ಲಿ ಕಂಡದ್ದು ಬೇರೆಯೇ. ಬಿಳಿಯ ಹಿಮದ ಮೇಲೆ ರಕ್ತ. ಕಿತ್ತು ಚೆಲ್ಲಿದ ಕಂದು ಗರಿ. ಅದರ ಸುತ್ತ ನಾಯಿಯ ಹೆಜ್ಜೆ. ಹಕ್ಕಿ ಮಾತ್ರ ಇಲ್ಲ.

ದೋಣಿಮನೆಯ ಬಾಗಿಲಲ್ಲಿ, ನಾಯಿಯನ್ನು ಕಟ್ಟಿದ್ದ ಹಗ್ಗ ಕಡಿದು ಬಿದ್ದಿತ್ತು. ಪಕ್ಕದಲ್ಲಿ ಪಿಲ್ಟ್ ಬಾಲ ಆಡಿಸುತ್ತ ಕುಳಿತಿತ್ತು. ಅದರ ಮೂತಿಯ ತುಂಬ ತುಪ್ಪಳ.

ಹಕ್ಕಿಮನೆಗಳ ಕಡೆಯಿಂದ ಸಿವೆರ್ಟ್ ಏದುಸಿರು ಬಿಡುತ್ತ ಬಂದ. ಏನೋ ಹೇಳಲು ಬಾಯಿ ತೆರೆದ.

"ಒಂದು ಮಾತೂ ಬೇಡ," ಎಂದಳು ಯೋರುನ್. "ತಪ್ಪು ನಿಮ್ಮದಲ್ಲ, ನಾಯೀದೂ ಅಲ್ಲ. ನನ್ನದು. ಕಟ್ಟಳೆ ಮುರಿದವಳು ನಾನು. ಹೊರಡಿ."

"ಪಿಲ್ಟ್ ಕೊಂದಿಲ್ಲ."

"ಅದರ ಮೂತಿ ನೋಡಿ ಹೇಳಿ ಆ ಮಾತು!"

ಅವನ ಮುಖ ಕಲ್ಲಾಯಿತು. ನಾಯಿಯನ್ನು ಎತ್ತಿಕೊಂಡ. ಆಗಲೂ ಅದರ ಪಾದ ನೆಲಕ್ಕೆ ತಾಗಿಸಲಿಲ್ಲ. ದೋಣಿ ಹತ್ತುವಾಗ ಒಮ್ಮೆ ಮಾತ್ರ ತಿರುಗಿದ.

"ನಾನು ಕೊನೇಲಿ ಕಟ್ಟಿದ ಮನೆ ಒಳಗೆ ಒಮ್ಮೆ ನೋಡಿ. ಇನ್ನೊಂದು ಸಲ ಹೇಳಲ್ಲ."

'ಮನೆಯಂತೆ! ಇಂಥ ಹೊತ್ತಲ್ಲೂ ತಾನು ಕಟ್ಟಿದ್ದರ ಹೆಮ್ಮೆ...' ಅವಳು ನೋಡಲು ಹೋಗಲಿಲ್ಲ. ಸಂಜೆ ಫೋನು ಬಂದಾಗ ಅಳು ತಡೆಯಲಾಗದೆ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿ ಮುಗಿಸಿದ ಮೇಲೆ ಏನು ಮಾಡಿದೆನೆಂದು ಹೊಳೆಯಿತು.

ಹಕ್ಕಿಯ ರುಚಿ ಕಂಡ ನಾಯಿಗೆ ನಮ್ಮಲ್ಲಿ ಉಳಿವಿಲ್ಲ. ಸಾಕ್ಷಿ ಕೇಳುವುದಿಲ್ಲ, ಕಾವಲಿನವಳ ಮಾತೇ ಸಾಕು.

ಮರುದಿನ ಅತ್ತೆಯೇ ಸುದ್ದಿ ಕೊಟ್ಟಳು. ಅವನು ಡೀಸೆಲ್ ತುಂಬಿಸಿಕೊಳ್ಳಲು ದೊಡ್ಡ ದ್ವೀಪದ ಕಟ್ಟೆಗೆ ಬಂದಿದ್ದಾನೆ, ನಾಯಿಯನ್ನು ಒಪ್ಪಿಸುವ ತನಕ ಯಾರೂ ಒಂದು ಹನಿಯನ್ನೂ ಕೊಡುವುದಿಲ್ಲ, ನಾಳೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡಸರು ಹೋಗಿ ನಾಯಿಯನ್ನು ತೆಗೆದುಕೊಳ್ಳುತ್ತಾರೆ ಎಂದಳು.

ಆ ಭಾನುವಾರದ ಬೆಳಿಗ್ಗೆ ಯೋರುನ್ ಗೂಡುಗಳ ನಡುವೆ ಸುಮ್ಮನೆ ಅಲೆದಳು. ಸಾಲುಗಳನ್ನು ಹೇಳಲು ಹೋದರೆ ದಡ ಎನ್ನಬೇಕಾದಲ್ಲಿ ದೀಪ ಎಂದೇ ಬಾಯಿಗೆ ಬಂತು. ಅಷ್ಟರಲ್ಲಿ...

'ಊ...'

ಕಡಲಿನಿಂದಲ್ಲ. ಹತ್ತಿರದಿಂದ, ಅವನು ಕೊನೆಯದಾಗಿ ಕಟ್ಟಿದ ಮನೆಯ ಒಳಗಿನಿಂದ!

ಹಿಮದಲ್ಲಿ ಮಂಡಿಯೂರಿ ಇಣುಕಿದಳು. ಪಾಚಿಯ ಮೇಲೆ ಒಂದು ಹೆಣ್ಣು ಬಾತು ಕುಳಿತಿತ್ತು, ಜೀವಂತವಾಗಿ. ಒಂದು ರೆಕ್ಕೆಯನ್ನು ಮೈಗೆ ಸೇರಿಸಿ ಬೂದು ಉಣ್ಣೆಯ ಎಳೆಯಿಂದ ಕಟ್ಟಲಾಗಿತ್ತು. ಅಜ್ಜನ ಸ್ವೆಟರಿನ ಎಳೆ. ಮೊದಲೇ ಗಿಡ್ಡವಿದ್ದ ತೋಳನ್ನು ಅವನು ಇನ್ನಷ್ಟು ಬಿಚ್ಚಿದ್ದ.

ಬೆನ್ನಿನ ಗರಿ ಸರಿಸಿ ನೋಡಿದಳು. ಆಳವಾದ ತೂತುಗಳು, ಒಂದಕ್ಕೊಂದು ದೂರ ದೂರ. ನಾಯಿಯ ಹಲ್ಲು ಹಾಗೆ ಇಳಿಯುವುದಿಲ್ಲ. ಅದು ಕಡಲ ಹದ್ದಿನ ಉಗುರು. ಹಕ್ಕಿಯನ್ನು ಹದ್ದಿನಿಂದ ಬಿಡಿಸಲು ಪಿಲ್ಟ್ ಹಗ್ಗ ಕಡಿದು ಓಡಿತ್ತು. ಬಿಡಿಸಿದ್ದನ್ನು ಬಾಯಲ್ಲಿ ಕಚ್ಚದೆ ಹಿಡಿದು ಒಡೆಯನಿಗೆ ತಂದುಕೊಟ್ಟಿತ್ತು.

ಹುಟ್ಟಿದಾಗಿನಿಂದ ಹಿಮದ ಗುರುತು ಓದಿದವಳು ಅವಳು. ಹದ್ದಿನ ರೆಕ್ಕೆ ಬಡಿದ ಗೆರೆಗಳು ಆ ಹಿಮದ ಮೇಲೆ ಇದ್ದೇ ಇದ್ದಿರಬೇಕು. ನಾಯಿ ಎಂದರೆ ಪಾಪ ಎಂದು ಕಲಿತ ಕಣ್ಣು ನಾಯಿಯ ಹೆಜ್ಜೆಯನ್ನು ಮಾತ್ರ ನೋಡಿತ್ತು.

'ನನ್ನ ಮಾತೇ ಅದನ್ನ ಕೊಲ್ಲುತ್ತೆ.'

ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಎಲ್ಲರೂ ಚರ್ಚಿನಲ್ಲಿದ್ದರು.

ಬುಟ್ಟಿಗೆ ಪಾಚಿ ಹಾಸಿ ಹಕ್ಕಿಯನ್ನಿಟ್ಟು, ಅಜ್ಜಿಯ ಕೋಟಿನೊಳಗೆ ಎದೆಗವಚಿಕೊಂಡು ದೋಣಿ ಹತ್ತಿದಳು. ಕೋಟು ದ್ವೀಪ ದಾಟಬಾರದು ಎಂಬುದೂ ಒಂದು ಕಟ್ಟಳೆಯೇ. ಅದನ್ನು ನೆನೆದಳು. ನೆನೆದೇ ಎಂಜಿನ್ ಹಚ್ಚಿದಳು.

ದೊಡ್ಡ ದ್ವೀಪದ ಕಟ್ಟೆಯ ಮೇಲೆ ಕಪ್ಪು ಬಟ್ಟೆಯ ಜನ ನಿಂತಿದ್ದರು. ಮುಂದೆ ಓಲಿಯಾ ಅತ್ತೆ. ಕೆಳಗೆ ದೋಣಿಯಲ್ಲಿ ಸಿವೆರ್ಟ್, ಅವನ ಮೊಣಕಾಲುಗಳ ನಡುವೆ ಪಿಲ್ಟ್. ಅವನು ನಾಯಿಯ ಕೊರಳ ಪಟ್ಟಿಯನ್ನು ಬಿಡುತ್ತಿರಲಿಲ್ಲ.

ಯೋರುನ್ ತನ್ನ ದೋಣಿ ಕಟ್ಟಿ ಜನರ ನಡುವೆ ಬಂದು ನಿಂತಳು.

"ಆ ಕೋಟು ಇಲ್ಲಿಗೆ ಯಾಕೆ ಬಂತು?" ಎಂದಳು ಅತ್ತೆ.

"ಹಕ್ಕಿ ಬಂತು ಅತ್ತೆ, ಅದರ ಜೊತೆ ಕೋಟೂ ಬಂತು." ಬುಟ್ಟಿ ಕೆಳಗಿಟ್ಟಳು. "ನಾಯಿ ಕೊಂದಿಲ್ಲ, ಉಳಿಸಿದೆ. ಸುಳ್ಳು ಹೇಳಿದವಳು ನಾನು. ನನ್ನ ಮಾತು ವಾಪಸ್ ತಗೋತೀನಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅತ್ತೆ ಕೈಯೆತ್ತಿ ಸುಮ್ಮನಾಗಿಸಿದಳು.

"ಕಾವಲಿನವಳ ಮಾತು ಅಂದ್ರೆ ಇಳಿದ ಲಂಗರು ಕಣೇ. ಇವತ್ತು ಒಂದು, ನಾಳೆ ಒಂದು ಅಂದ್ರೆ ಯಾರು ನಂಬ್ತಾರೆ? ಮಾತು ವಾಪಸ್ ಬೇಕಾದ್ರೆ ಕೋಟು ಬಿಚ್ಚಿಡು."

ಆ ಕೋಟು ಬಿಟ್ಟರೆ ಹಕ್ಕಿಗಳಿಲ್ಲ, ಗ್ರೋಹೋಲ್ಮ ಇಲ್ಲ. ಯೋರುನ್ ಗುಂಡಿಗಳಿಗೆ ಕೈ ಹಾಕಿದಳು... ಬಿಚ್ಚಲಿಲ್ಲ. ಮೇಲಿನದೊಂದು ತೆರೆದಿತ್ತು, ಅದನ್ನೂ ಹಾಕಿಕೊಂಡಳು.

"ಕೋಟೂ ಬಿಡಲ್ಲ, ನಾಯೀನೂ ಬಿಡಲ್ಲ. ತಪ್ಪು ಅಂತ ಗೊತ್ತಾದ ಮೇಲೂ ಸುಮ್ಮನಿರೋಳನ್ನ ಹಕ್ಕಿ ಕಾಯೋಕೆ ಇಟ್ಕೊಳ್ಳೋದಾದ್ರೆ, ಅಜ್ಜಿ ನನಗೆ ಹೇಳಿಕೊಟ್ಟ ಪ್ರಾರ್ಥನೆಯೆಲ್ಲ ಗಾಳಿಗೆ ಹೇಳಿದ್ದು."

ಅವಳು ತಿರುಗಿ ಕಟ್ಟೆಯ ಏಣಿ ಇಳಿದಳು. ಸಿವೆರ್ಟನ ದೋಣಿಗೆ ಕಾಲಿಟ್ಟು, ಅವನ ಎದುರಿನ ಹಲಗೆಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು ಕುಳಿತಳು.

"ನಾಯಿಗೆ ಜಾಗ ಇಲ್ಲ ಅಂದ್ರೆ ನನಗೂ ಬೇಡ."

ಅವಳು ಬಂದ ಮೇಲೆ ಸಿವೆರ್ಟ್ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಹಿಮ ಮತ್ತೆ ಬೀಳತೊಡಗಿತ್ತು. ಅವಳ ಹೆಗಲ ಮೇಲೆ, ಅವನ ಹೆಗಲ ಮೇಲೆ, ಪಿಲ್ಟ್‌ನ ಕಿವಿಗಳ ಮೇಲೆ ಒಂದೇ ಸಮನೆ.

ಮೇಲೆ ಓಲಿಯಾ ಅತ್ತೆ ನೋವಿನ ಮಂಡಿಯನ್ನು ಹಿಡಿದುಕೊಂಡು ಬುಟ್ಟಿಯ ಬಳಿ ಕುಳಿತಳು. ಗರಿಗಳ ನಡುವೆ ಬೆರಳಿಳಿಸಿ ಬಹಳ ಹೊತ್ತು ತಡವಿದಳು.

"ಹದ್ದು," ಎಂದಳು ಯಾರಿಗೂ ಅಲ್ಲದ ಹಾಗೆ. ಆಮೇಲೆ, "ಈ ರೆಕ್ಕೆ ಕಟ್ಟಿದ್ದು ಯಾರು?"

"ನಾನು," ಎಂದ ಸಿವೆರ್ಟ್.

"ಗಂಟು ಸರಿಯಾಗಿಲ್ಲ." ಬಿಚ್ಚಿ ತಾನೇ ಮತ್ತೆ ಕಟ್ಟಿದಳು. ಎದ್ದು ನಿಂತು, ಪಂಪಿನ ಬಳಿ ಇದ್ದವನಿಗೆ ಡೀಸೆಲ್ ಕೊಡುವಂತೆ ಸನ್ನೆ ಮಾಡಿದಳು. ಬುಟ್ಟಿಯನ್ನು ಹಗ್ಗ ಕಟ್ಟಿ ಯೋರುನ್‌ಳ ಮಡಿಲಿಗೆ ಇಳಿಸುವಾಗ ಮಾತ್ರ ಅವಳ ದನಿ ಇನ್ನೂ ಬಿಗಿಯಾಗಿತ್ತು.

"ಮಾತು ಮುರಿದೋಳು ಅಂತ ಜನ ಮರೆಯಲ್ಲ ಮಗಳೇ."

"ಮರೀಬೇಡಿ ಅತ್ತೆ. ನಾನೂ ಮರೆಯಲ್ಲ."

ಅವಳ ದೋಣಿಯನ್ನು ಹಿಂದೆ ಕಟ್ಟಿಕೊಂಡು ಅವನ ದೋಣಿ ಕೊಲ್ಲಿ ದಾಟಿತು. ಪಿಲ್ಟ್ ಬುಟ್ಟಿಯನ್ನೊಮ್ಮೆ ಮೂಸಿ, ತನ್ನ ಕೆಲಸ ಮುಗಿಯಿತೆಂಬಂತೆ ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು.

"ನೀವಿನ್ನೂ ನನ್ನ ಹತ್ರ ಕ್ಷಮೆ ಕೇಳಿಲ್ಲ," ಎಂದ ಸಿವೆರ್ಟ್.

"ನಿನ್ನ ಹತ್ರ ಕೇಳಲ್ಲ. ನಾಯಿ ಹತ್ರ ಕೇಳ್ತೀನಿ." ಅವಳು ಬಗ್ಗಿ ಪಿಲ್ಟ್‌ನ ಕಿವಿಯಲ್ಲಿ ಏನೋ ಹೇಳಿದಳು. ತುಂಬ ಹೊತ್ತು ಹೇಳಿದಳು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

'ನೀವು' ಹೋಗಿ 'ನೀನು' ಬಂದದ್ದನ್ನು ಅವನು ಗಮನಿಸಿದ.

"ಏನು ಹೇಳಿದೆ ಅವನಿಗೆ?"

"ಹಕ್ಕಿಗಳು ದಡ ಹತ್ತೋ ತನಕ ದೋಣಿಮನೇಲಿ ಇರಿ. ಆಮೇಲೆ ಇಬ್ರೂ ನಿಮ್ಮ ದೀಪಗಳ ಹಿಂದೆ ಹೋಗಿ. ಅವು ಮರಿ ಕರ್ಕೊಂಡು ಕಡಲಿಗೆ ಇಳಿದ ಮೇಲೆ ಮನೆಗೆ ಬನ್ನಿ. ಮನೆ ಒಳಗೆ. ಅಷ್ಟೇ ಹೇಳಿದ್ದು."

"ಅಂದ್ರೆ ನಾಯಿಗೆ ಜಾಗ ಇದೆ."

"ಇದೆ."

"ಎಷ್ಟು ವರ್ಷ ಹೀಗೆ ಹೋಗಿ ಬರೋದು ಯೋರುನ್?"

ಅವಳು ಬುಟ್ಟಿಯ ಮೇಲೆ ಕೋಟಿನ ಅಂಚು ಹೊದಿಸಿದಳು. ಅಡಿಯಿಂದ ಹಕ್ಕಿ ಮೆಲ್ಲಗೆ 'ಊ...' ಎಂದಿತು.

"ಹಕ್ಕಿ ಬರೋದು ನಿಲ್ಲಿಸೋ ತನಕ," ಎಂದಳು. "ನಿಂತ್ರೂ... ನೀನು ಬಾ."