ಅರ್ಧ ಹಿಡಿದ ಕ್ಲಚ್

"ಬೈಕ್ ಬರುತ್ತೆ ತಾನೇ ನಿಮ್ಗೆ?" ಎಂದು ಕವಿತ ಕೇಳಿದಾಗ ಕೇಶವ್ ನಕ್ಕುಬಿಟ್ಟ. ಗಂಡಸಿಗೆ ಕೇಳುವ ಪ್ರಶ್ನೆಯೇ ಇದು ಎನ್ನುವಂಥ ನಗು. ಅವಳೂ ನಕ್ಕು ತನ್ನ ಬೈಕಿನ ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟಳು.

ಇಬ್ಬರೂ ಚಿಕ್ಕಬಳ್ಳಾಪುರದ ಒಂದೇ ಕಾಲೇಜಿನಲ್ಲಿ ಕೆಲಸಕ್ಕಿದ್ದರು. ಅವನು ಆಫೀಸಿನ ಗುಮಾಸ್ತ, ಅವಳು ಫಿಸಿಕ್ಸ್ ಲ್ಯಾಬಿನ ಸಹಾಯಕಿ. ಆ ದಿನ ಉತ್ತರಪತ್ರಿಕೆಗಳ ಕಟ್ಟೊಂದನ್ನು ಗೌರಿಬಿದನೂರಿಗೆ ತಲುಪಿಸಬೇಕಿತ್ತು, ಅವನ ಸ್ಕೂಟರ್ ಪಂಕ್ಚರ್ ಆಗಿತ್ತು. ಅವನಿಗೆ ಓಡಿಸಿ ಗೊತ್ತಿದ್ದದ್ದು ಗೇರಿಲ್ಲದ ಆ ಸ್ಕೂಟರೊಂದನ್ನೇ. ಲೈಸೆನ್ಸಿಗೆಂದು ಡ್ರೈವಿಂಗ್ ಸ್ಕೂಲಿನ ಬೈಕಿನಲ್ಲಿ ಮೈದಾನ ಸುತ್ತಿದ್ದು ಬಿಟ್ಟರೆ ಕ್ಲಚ್ ಮುಟ್ಟಿರಲಿಲ್ಲ.

"ಬರಲ್ಲ" ಎಂದಿದ್ದರೆ ಅವಳೇನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ಟಿನ ಕೆಳಗೆ ಜಡೆ ಇಳಿಬಿಟ್ಟು ಅವಳು ಗೇಟಿನೊಳಗೆ ಬೈಕ್ ತಿರುಗಿಸುವುದನ್ನು ಕಿಟಕಿಯಿಂದ ನೋಡಲೆಂದೇ ಅವನು ದಿನಾ ಬೇಗ ಬರುತ್ತಿದ್ದ. ಅಂಥವಳ ಮುಂದೆ ಬರಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಊರು ದಾಟುವುದರೊಳಗೆ ಬೈಕ್ ಮತ್ತೆ ಮತ್ತೆ ಆಫ್ ಆಯಿತು. ಹಿಂದಿದ್ದ ಟೊಮೆಟೊ ಟೆಂಪೊದವನು, "ಏನಣ್ಣ, ಇಳಿದು ತಳ್ಳಬೇಕಾ?" ಎಂದ. ಕಿವಿಯವರೆಗೂ ಬಿಸಿಯೇರಿದ ಕೇಶವ್ ಒಂದು ಉಪಾಯ ಕಂಡುಕೊಂಡ. ಕ್ಲಚ್ ಲಿವರನ್ನು ಅರ್ಧ ಹಿಡಿದೇ ಇದ್ದರೆ ಎಂಜಿನ್ ನಿಲ್ಲುವುದಿಲ್ಲ. ಗೌರಿಬಿದನೂರಿನವರೆಗೂ ಹಾಗೇ ಹೋದ, ಹಾಗೇ ವಾಪಸ್ ಬಂದ. ಏರು ಬಂದಲ್ಲೆಲ್ಲ ಎಂಜಿನ್ ಅರಚಿತು. ಸುಟ್ಟ ವಾಸನೆ ಬಂತು. ಹೊಲದಲ್ಲಿ ಯಾರೋ ಏನೋ ಸುಡುತ್ತಿರಬೇಕು ಎಂದುಕೊಂಡ.

"ಚೆನ್ನಾಗಿ ಓಡ್ತಾ ಸರ್?" ಸಂಜೆ ಕವಿತ ಕೇಳಿದಳು.

"ಬೆಣ್ಣೆ ಥರ" ಎಂದ.

ಮಾರನೆಯ ದಿನ ಕಿಟಕಿಯಲ್ಲಿ ಬೈಕ್ ಕಾಣಲಿಲ್ಲ. ಅವಳು ಬಸ್ಸಿಳಿದು ಓಡುತ್ತಾ ಬಂದಳು, ಹಣೆಯ ಕೂದಲು ಬೆವರಿಗೆ ಅಂಟಿತ್ತು.

"ನಿನ್ನೆ ಮಂಡಿಕಲ್ ರಸ್ತೆ ಏರಲ್ಲಿ ಕೈ ಕೊಡ್ತು ಸರ್. ಎಂಜಿನ್ ಬಡ್ಕೊಳ್ಳುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಕ್ಲಚ್ ಪ್ಲೇಟು ಸುಟ್ಟೋಗಿದೆ ಅಂದ್ರು."

"ಅಯ್ಯೋ" ಎಂದ ಕೇಶವ್. ಅಷ್ಟೇ ಎಂದ.

"ಅಪ್ಪಂಗೆ ಇದೇ ಬೇಕಿತ್ತು. ಹೆಣ್ಮಕ್ಕಳ ಕೈಗೆ ಬೈಕ್ ಕೊಟ್ರೆ ಇನ್ನೇನಾಗುತ್ತೆ ಅಂದ್ರು. ರಿಪೇರಿಯಾದ್ಮೇಲೆ ನಮ್ಮ ಭಾವಂಗೆ ಕೊಡ್ತಾರಂತೆ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸೋಕೆ."

ಅದರರ್ಥ ಅವನಿಗೆ ಗೊತ್ತಿತ್ತು. ಟೀಚರ್ ಪರೀಕ್ಷೆಗೆಂದು ಅವಳು ಸಂಜೆ ಕೋಚಿಂಗ್‌ಗೆ ಹೋಗುತ್ತಿದ್ದಳು. ಕ್ಲಾಸ್ ಮುಗಿಯುವ ಮೊದಲೇ ಅವಳೂರಿನ ಕೊನೆಯ ಬಸ್ಸು ಹೊರಟುಬಿಡುತ್ತದೆ. ಬೈಕಿಲ್ಲದಿದ್ದರೆ ಕೋಚಿಂಗ್ ಇಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚಿದಾಗ ಅವನು ತಡೆಯಲಾರದೆ ಕೇಳಿದ, "ಈ ಕ್ಲಚ್ ಅನ್ನೋದು ಯಾಕೆ ಸುಡುತ್ತೆ?"

"ಬೈಕ್ ಓಡಿಸೋರಿಗೇ ಗೊತ್ತಿಲ್ವಾ?" ಕಣ್ಣಂಚಿನಲ್ಲೇ ನಕ್ಕಳು. "ಕೈ ಕೊಡಿ."

ಅವನ ಬಲ ಅಂಗೈಗೆ ತನ್ನ ಅಂಗೈ ಒತ್ತಿ ಹಿಡಿದಳು. "ನಂದು ಎಂಜಿನ್ನು, ಯಾವಾಗ್ಲೂ ತಿರುಗ್ತಿರುತ್ತೆ. ನಿಮ್ಮದು ಚಕ್ರ. ಮಧ್ಯೆ ಪ್ಲೇಟುಗಳು. ಹೀಗೆ ಬಿಗಿಯಾಗಿ ಒತ್ಕೊಂಡಿದ್ರೆ ಎರಡೂ ಒಟ್ಟಿಗೆ ತಿರುಗ್ತವೆ." ಅವಳ ಕೈ ತಿರುಗಿತು, ಅವನದೂ ತಿರುಗಿತು. "ಲಿವರ್ ಪೂರ್ತಿ ಹಿಡಿದ್ರೆ ಬಿಟ್ಕೊಳ್ತವೆ. ಗೇರ್ ಹಾಕೋಕೆ, ನಿಲ್ಸೋಕೆ. ಆದ್ರೆ ಅರ್ಧ ಹಿಡ್ಕೊಂಡೇ ಇದ್ರೆ..."

ಒತ್ತು ಸಡಿಲಿಸಿ ಅವಳು ಅಂಗೈ ಉಜ್ಜಿದಳು. ಅವಳ ಕೈ ತಿರುಗುತ್ತಿತ್ತು, ಅವನದು ಅಲ್ಲೇ ಇತ್ತು. ಚರ್ಮ ಬೆಚ್ಚಗಾಯಿತು, ಆಮೇಲೆ ಸುಡತೊಡಗಿತು.

"ಪೂರ್ತಿ ಸೇರಲ್ಲ, ಪೂರ್ತಿ ಬಿಡಲ್ಲ. ಬರೀ ಉಜ್ಜಾಟ. ಅದಕ್ಕೇ ಸುಡೋದು." ಅವಳು ಕೈ ತೆಗೆಯಲಿಲ್ಲ. ದನಿ ಮಾತ್ರ ಇಳಿಯಿತು. "ನಾನು ಹಂಗೆ ಹಿಡಿಯೋಳಲ್ಲ ಸರ್. ರಾತ್ರಿ ನಿದ್ದೆ ಬರ್ಲಿಲ್ಲ. ಎಲ್ಲಿ ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು. ನಂಗೇ ಗೊತ್ತಿಲ್ದೆ ಮಾಡಿರ್ಬೇಕು."

ಆ ಕೈಯನ್ನು ಹಿಡಿಯಬೇಕೆಂದು ಎಷ್ಟು ಕಾಲದಿಂದ ಆಸೆಪಟ್ಟಿದ್ದ. ಈಗ ಅದು ತಾನಾಗಿ ಬಂದು ಅವನ ಕೈಯಲ್ಲಿದ್ದರೆ, ಅವನಿಗೆ ಆ ಕೈಯ ಕಡೆ ನೋಡಲೂ ಆಗಲಿಲ್ಲ. ಮೆಲ್ಲಗೆ ಬಿಡಿಸಿಕೊಂಡ. ಅವಳ ಮುಖ ಬಾಡಿತು. ತಾನು ಸಲಿಗೆ ತೋರಿಸಿದ್ದು ಅವನಿಗೆ ಹಿಡಿಸಲಿಲ್ಲ ಎಂದುಕೊಂಡಳೋ ಏನೋ, ಡಬ್ಬಿ ಮುಚ್ಚಿ ಎದ್ದುಹೋದಳು.

ಆ ವಾರವೆಲ್ಲ ಸಂಜೆ ಅವಳು ಬಸ್ಸಿಗೆ ಓಡುವುದನ್ನು ಕೇಶವ್ ಅದೇ ಕಿಟಕಿಯಿಂದ ನೋಡಿದ. ಹೇಳಬೇಕು ಎಂದು ಎದ್ದು, ನೀರು ಕುಡಿದು ಮತ್ತೆ ಕೂರುತ್ತಿದ್ದ. ಕೋಚಿಂಗಿನಲ್ಲಿ ಅವಳ ಪಕ್ಕ ಕೂರುವ ಹರಿತಾ ಒಂದು ದಿನ ಆಫೀಸಿಗೆ ಬಂದು, "ಕವಿತ ಬಿಟ್ಬಿಟ್ಲಾ ಸರ್? ನಮ್ಮೆಲ್ಲರಿಗಿಂತ ಚೆನ್ನಾಗಿ ಓದ್ತಿದ್ಲು" ಎಂದಾಗ ಅವನಿಗೆ ಊಟ ಸೇರಲಿಲ್ಲ.

ಬೈಕ್ ಭಾನುವಾರ ರಿಪೇರಿಯಿಂದ ಸಿಗುತ್ತದೆಂದು ಕಾಲೇಜಿನಲ್ಲಿ ಕೇಳಿದ್ದವನು ಅವತ್ತು ಪೆರೇಸಂದ್ರದ ಬಸ್ಸು ಹತ್ತಿದ. ಅಲ್ಲಿ ಹೈವೇ ಪಕ್ಕದಲ್ಲಿ, ಮೆಕ್ಯಾನಿಕ್ ಕೋನಪ್ಪನ ಗ್ಯಾರೇಜಿನ ಮುಂದೆ ಬೈಕ್ ಸಿದ್ಧವಾಗಿ ನಿಂತಿತ್ತು. ಕವಿತಳ ಅಪ್ಪ ನರಸಿಂಹಪ್ಪನವರು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಅವಳು ದೂರದಲ್ಲಿ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕವಿತಂದು ತಪ್ಪಿಲ್ಲ ಸರ್" ಎಂದ ಕೇಶವ್. "ಕಾಲೇಜಿನ ಕೆಲಸಕ್ಕೆ ಗೌರಿಬಿದನೂರಿಗೆ ನಾನು ಬೈಕ್ ತಗೊಂಡು ಹೋಗಿದ್ದೆ. ಕ್ಲಚ್ ಸುಟ್ಟಿದ್ದು ನಾನು."

ನರಸಿಂಹಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ನಮ್ಮ ಅಮ್ಮಣ್ಣಿನ ಉಳಿಸೋಕೆ ಬಂದ್ಯೇನಪ್ಪ? ಒಳ್ಳೇದು. ಗಂಡು ಹುಡುಗ್ರಿಗೆ ಯಾರಾದ್ರೂ ಬೈಕ್ ಓಡ್ಸೋದು ಹೇಳ್ಕೊಡಬೇಕಾ? ಕೋನಪ್ಪ, ಇವರಿಗೊಂದು ಟೀ ಹೇಳು."

ಇದನ್ನು ಅವನು ಎಣಿಸಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ, ನಂಬದಿರುವುದಕ್ಕೆ ಸಿದ್ಧನಾಗಿರಲಿಲ್ಲ. ಕವಿತ ಮಾತ್ರ ನಗಲಿಲ್ಲ. ಕ್ಲಚ್ ಹಿಡಿಯುವ ಅವನ ಎಡಗೈಯನ್ನೇ ನೋಡುತ್ತಿದ್ದಳು.

ಕೇಶವ್ ಹೋಗಿ ಬೈಕ್ ಹತ್ತಿದ. ಸ್ಟಾರ್ಟ್ ಮಾಡಿದ. ಒಂದೆರಡು ಸಲ ಜಿಗಿದು ಆಫ್ ಆಯಿತು. ಆಮೇಲೆ ಅರ್ಧ ಲಿವರ್ ಹಿಡಿದು, ಗ್ಯಾರೇಜಿನ ಮುಂದಿನ ದಿಬ್ಬ ಹತ್ತಿಸಿದ. ಎಂಜಿನ್ ಇಡೀ ಪೆರೇಸಂದ್ರಕ್ಕೆ ಕೇಳುವಂತೆ ಅರಚಿತು. ಗಾಡಿ ಇರುವೆಯಂತೆ ಹತ್ತಿತು. ಟೀ ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಯಾರೋ ಸಿಳ್ಳೆ ಹಾಕಿದರು.

"ಇಳಿಯಪ್ಪ ತಂದೆ, ಹೊಸ ಪ್ಲೇಟು ಕಣಪ್ಪ ಅದು" ಎಂದು ಕೋನಪ್ಪ ಓಡಿಬಂದು ಬೀಗದ ಕೈ ತಿರುಗಿಸಿ ಎಂಜಿನ್ ನಿಲ್ಲಿಸಿದ.

ನರಸಿಂಹಪ್ಪನವರ ಕೈಯಲ್ಲಿ ಟೀ ಲೋಟ ಹಾಗೇ ಇತ್ತು. ಅದನ್ನು ಬೆಂಚಿನ ಮೇಲಿಟ್ಟು, "ನಿಜವಾಗ್ಲೂ ಬರಲ್ವಲ್ಲೋ ನಿಂಗೆ" ಎಂದರು. ಆಮೇಲೆ ಮಗಳ ಕಡೆ ತಿರುಗಿ, ಮುಖ ನೋಡದೆ, "ತಗೊಂಡೋಗಮ್ಮ ನಿನ್ ಗಾಡಿ. ಭಾವಂಗೆ ನಾನು ಹೇಳ್ಕೊಳ್ತೀನಿ" ಎಂದರು.

ಕವಿತ ಬಂದು ಕೇಶವನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು. "ವಾರವೆಲ್ಲಾ ನನ್ನನ್ನೇ ನಾನು ಬೈದ್ಕೊಂಡೆ. ಪಕ್ಕದ ರೂಮಲ್ಲೇ ಇದ್ರಿ."

"ಹೌದು."

"ಅಂಗೈ ಹಿಡ್ಕೊಂಡು ಪಾಠ ಬೇರೆ ಹೇಳಿಸ್ಕೊಂಡ್ರಿ."

"ಹೌದು" ಎಂದ.

"ಹಿಂದೆ ಕೂತ್ಕೊಳ್ಳಿ. ಚಿಕ್ಕಬಳ್ಳಾಪುರಕ್ಕೆ ಬಿಡ್ತೀನಿ. ಮಾತಾಡ್ಬೇಡಿ, ನಂಗಿನ್ನೂ ಕೋಪ ಇದೆ."

ಅವಳ ಅಪ್ಪನ ಎದುರೇ, ಅಷ್ಟು ಜನ ನೋಡುತ್ತಿರುವಾಗ, ಕೇಶವ್ ತಲೆ ತಗ್ಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ಅವಳ ಬೆರಳು ಲಿವರನ್ನು ಮೆತ್ತಗೆ ಬಿಟ್ಟಿತು, ಬೈಕ್ ಸದ್ದಿಲ್ಲದೆ ಹೊರಟಿತು.

ಸರ್ವಿಸ್ ರೋಡಿನಲ್ಲಿ ಕುರಿಹಿಂಡು ಅಡ್ಡ ಬಂದಾಗ ಅವಳು ನಿಲ್ಲಿಸಿದಳು. ಅವನು ಅವಳ ಬೆನ್ನಿಗೆ ಹೇಳಿದ, "ನಿಮ್ಮನ್ನ ಕಂಡ್ರೆ ಇಷ್ಟ. ಅದಕ್ಕೇ ಬರಲ್ಲ ಅನ್ನೋಕೆ ನಾಚಿಕೆಯಾಯ್ತು."

"ಕೇಳಿಸ್ಲಿಲ್ಲ" ಎಂದಳು ಕವಿತ, ತಿರುಗದೆ.

ಅವನು ಇನ್ನಷ್ಟು ಜೋರಾಗಿ ಹೇಳಿದ. ರಸ್ತೆಬದಿಯಲ್ಲಿ ದ್ರಾಕ್ಷಿ ಮಾರುತ್ತಿದ್ದ ಮುದುಕಿ ತಕ್ಕಡಿ ಕೆಳಗಿಟ್ಟು ಇತ್ತ ನೋಡಿದಳು.

"ಇನ್ನೂ ಕೇಳಿಸ್ಲಿಲ್ಲ."

"ಆಯಮ್ಮಂಗೆ ಮೊದಲನೇ ಸಲವೇ ಕೇಳಿಸ್ತು ನಾಯ್ನಾ" ಎಂದಳು ಮುದುಕಿ. "ಸುಮ್ನೆ ಇನ್ನೊಂದ್ಸಲ ಹೇಳು."